ನೋಡಾಕ ಬಂದವರು

ಹೋದ ವರ್ಷ ದೀಪಾವಳಿ ಕಳೆದು, ತುಳಸಿ ಲಗ್ನದ ಹಬ್ಬ ಮುಗಿದ ಮೇಲಿನ ಭಾನುವಾರ ನಡೆದದ್ದಿದು. ನೆನೆಸಿಕೊಂಡರೆ ಈಗಲೂ ಮೊದಲು ನಗು ಬರುತ್ತದೆ, ಆಮೇಲೆ ಮನಸ್ಸು ಒಂಥರಾ ಆಗುತ್ತದೆ.

ನನ್ನ ತವರು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಅಪ್ಪನ ಹತ್ತಿರ ಒಂದು ಹಳೇ ಮೋಟರ್ ಸೈಕಲ್ ಇದೆ. ಅದನ್ನು ತಯಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು, ಅಪ್ಪ ಮಾತ್ರ ಅದನ್ನು ಬಿಟ್ಟಿಲ್ಲ. ದಿನಾ ಸಂಜೆ ಅದರ ಮೇಲೆ ಸ್ಟೇಶನ್ ಬಜಾರಕ್ಕೆ ಹೋಗಿ ಗೆಳೆಯರ ಜೊತೆ ಚಹಾ ಕುಡಿದು ಬಂದರೇ ಅವರಿಗೆ ದಿನ ಮುಗಿದಂತೆ. ಹೀಗಿರುವಾಗ ಅದರ ಮ್ಯಾಗ್ನೆಟ್, ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಸಾಮಾನು, ಸುಟ್ಟುಹೋಯಿತು. ಅಪ್ಪ ಮನೆ ಹಿಡಿದರು. ನನ್ನ ತಮ್ಮ ಮಲ್ಲಿಕಾರ್ಜುನನ ಹೊಸ ಸ್ಕೂಟರಿನ ಮೇಲೆ ಕೂರಲಿಲ್ಲ, ಆಟೊ ಹತ್ತಲಿಲ್ಲ. ದಿನವಿಡೀ ಕೂತಲ್ಲೇ ಕೂತು ಸಾರಿಗೆ ಉಪ್ಪು ಜಾಸ್ತಿ, ಫ್ಯಾನ್ ಸ್ಪೀಡ್ ಕಡಿಮೆ ಎಂದು ಹೆಸರಿಡತೊಡಗಿದರು. ಗಾಡಿ ಚಾಲೂ ಆಗದಿದ್ದರೆ ತಾನೇ ಮನೆ ಬಿಟ್ಟು ಹೋಗುತ್ತೇನೆ ಎಂದು ಅವ್ವ ನನಗೆ ಫೋನ್ ಮಾಡಿದಳು.

ತಮ್ಮ ಹುಡುಕದ ಜಾಗವಿಲ್ಲ. ಆನ್‌ಲೈನಿನಲ್ಲಿ ಅಸಲಿ ಸಾಮಾನಿಗೆ ಹೇಳಿದ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಅಗ್ಗದ ನಕಲಿ ತರಿಸಿದ, ಅದು ವಾರವೂ ಬಾಳಲಿಲ್ಲ. ಕೊನೆಗೆ ನಾನೂ ತವರಿಗೆ ಬಂದು, ಅಕ್ಕ ತಮ್ಮ ಇಬ್ಬರೂ ಶಹಾಬಜಾರದ ಹಳೇ ಮೆಕ್ಯಾನಿಕ್ ಚಾಂದಸಾಬರ ಹತ್ತಿರ ಹೋದೆವು. ಕಮಲಾಪುರದಲ್ಲಿ ಇಂಥದ್ದೇ ಒಂದು ಗಾಡಿ ನಿಂತಿದೆ, ಓಡಿಸುತ್ತಿದ್ದ ಯಜಮಾನರು ತೀರಿಕೊಂಡಿದ್ದಾರೆ, ಕೇಳಿ ನೋಡೋಣ ಎಂದು ಅವರು ನಮ್ಮೆದುರಿಗೇ ಆ ಮನೆಗೆ ಫೋನ್ ಹಚ್ಚಿದರು.

“ಕಲಬುರಗಿಯಿಂದ ಹುಡುಗ ನೋಡಾಕ ಬರ್ತಾನ್ರಿ. ಜೋಡಿಗೆ ಅವನ ಅಕ್ಕ ಬರ್ತಾಳ. ನಿಮ್ಮ ಮಂದಿನೇ, ಶರೀಫ್ ಮನೆತನ. ಇನ್ನಾ ಎಷ್ಟು ದಿನ ಮನ್ಯಾಗ ಇಟ್ಟುಕೊಂಡು ಕೂಡ್ತೀರಿ? ವಯಸ್ಸಾಗ್ಯಾದಂತ ಅವರೇನೂ ಹೆಸರಿಡಂಗಿಲ್ಲ.”

ಗಾಡಿ ಅನ್ನುವ ಶಬ್ದವೊಂದು ಬಿಟ್ಟು ಎಲ್ಲಾ ಹೇಳಿದ್ದರು. ಅವತ್ತು ನಮ್ಮ ಮೂವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ತುಳಸಿ ಲಗ್ನ ಆದಮೇಲೆ ನಮ್ಮ ಕಡೆ ಕನ್ಯೆ ನೋಡುವ ಓಡಾಟ ಶುರುವಾಗುತ್ತದೆ ಎನ್ನುವುದೂ ನೆನಪಾಗಲಿಲ್ಲ.

ಭಾನುವಾರ ಮುಂಜಾನೆ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಗುರುತಿಲ್ಲದ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಅವ್ವ ಪೇಡೆ ಕಟ್ಟಿಕೊಟ್ಟಳು. ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದು ಮನೆ ಕೇಳಿಕೊಂಡು ಹೋದರೆ, ಬಾಗಿಲಿಗೆ ರಂಗೋಲಿ, ಪಡಸಾಲೆಗೆ ಹೊಸ ಚಾಪೆ. ಎದುರುಮನೆಯ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕುಳಿತು ನಮ್ಮನ್ನೇ ನೋಡುತ್ತಿದ್ದರು. ಮನೆಯ ಹಿರಿಯರಾದ ಕಾಕಾ ಕೈಹಿಡಿದು ಒಳಗೆ ಕರೆದೊಯ್ದರು. ಶಿರಾ ಬಂತು, ಸುಸಲಾ ಬಂತು, ಬಿಸಿ ಮಿರ್ಚಿ ಬಂತು, ತಟ್ಟೆ ತುಂಬ ಕೆಂಪು ಬಾಳೆಹಣ್ಣು ಬಂತು. ಒಂದು ಹಳೇ ಸಾಮಾನಿಗೆ ಇಷ್ಟು ಉಪಚಾರವೇ ಎಂದು ನನಗೆ ಸಂಕೋಚ. ತಮ್ಮ ಮಾತ್ರ ಮೂರನೇ ಮಿರ್ಚಿಗೆ ಕೈಹಾಕಿದ್ದ.

ಕಾಕಾ ಗಂಟಲು ಸರಿಮಾಡಿಕೊಂಡು, ಮುಚ್ಚಿಡುವುದೇನಿಲ್ಲ, ಸ್ವಲ್ಪ ವಯಸ್ಸಾಗಿದೆ, ಉಳಿದದ್ದೆಲ್ಲ ಛಲೋ ಎಂದರು. ತಮ್ಮ ಬಾಯಿ ಒರೆಸಿಕೊಂಡು, “ವಯಸ್ಸಾದ್ರೇನ್ರಿ ಕಾಕಾ, ನಮಗ ಅಂಥಾದ್ದೇ ಬೇಕು” ಎಂದ. ಕಾಕಾನ ಕಣ್ಣಲ್ಲಿ ನೀರು ಬಂತು. ಆಗಲೇ ನನಗೆ ಎಲ್ಲೋ ಏನೋ ತಪ್ಪಿದೆ ಅನಿಸಿತು. ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟ ಒಬ್ಬಳು ಚಹಾದ ಟ್ರೇ ಹಿಡಿದು ಬಂದಳು, ಹಿಂದೆ ಅವಳ ತಾಯಿ. ನಾವು ಕನ್ಯೆ ನೋಡಲು ಬಂದವರೆಂದು ಇವರು ತಿಳಿದಿದ್ದಾರೆ ಎನ್ನುವುದು ಆಗ ನನಗೆ ಹೊಳೆಯಿತು.

ಅವಳ ಹೆಸರು ಜಗದೇವಿ. ಮೂವತ್ತೈದರ ಆಸುಪಾಸು, ಊರಿನ ಒಂದು ಔಷಧದ ಅಂಗಡಿಯಲ್ಲಿ ಕೆಲಸ. ತಲೆ ತಗ್ಗಿಸಿ ಚಾಪೆಯ ಮೇಲೆ ಕುಳಿತಳು. ನಾನು ಸೀರೆಯ ಸೆರಗು ತಿರುವುತ್ತಿದ್ದೆ. ತಮ್ಮನಿಗೆ ಇನ್ನೂ ಹೊಳೆದಿರಲಿಲ್ಲ. ಅವನ ಕಣ್ಣು ಹಿತ್ತಲ ಬಾಗಿಲಾಚೆ ತಾಡಪಾಲಿನಡಿ ನಿಂತಿದ್ದ ಗಾಡಿಯ ಮೇಲೆ. ಜಗದೇವಿ ತಲೆಯೆತ್ತಿ ಅವನನ್ನು ನೋಡಿದಳು, ತಿರುಗಿ ಹಿತ್ತಲ ಕಡೆ ನೋಡಿದಳು.

“ನೀವು ನನ್ನ ನೋಡಾಕ ಬಂದಿಲ್ಲ. ಅಪ್ಪನ ಗಾಡಿ ನೋಡಾಕ ಬಂದೀರಿ, ಹೌದಲ್ಲರಿ?”

ತಮ್ಮ ಹೌದು ಅಂದ. ಅಂದಮೇಲೆ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಚಹಾದ ಕಪ್ಪನ್ನು ತಿರುಗಿ ಟ್ರೇಯಲ್ಲಿಟ್ಟ. ನಾನು ಎದ್ದು ಆ ತಾಯಿಯ ಕೈಹಿಡಿದು ಫೋನಿನ ಕಥೆಯೆಲ್ಲ ಹೇಳಿದೆ. ಕಾಕಾ ಹಣೆ ಹಣೆ ಬಡಿದುಕೊಂಡರು. ತಾಯಿ ಮಾತ್ರ ಬೈಯಲಿಲ್ಲ, ಅತ್ತರು. ನೋಡಿ ಹೋದವರೆಲ್ಲ ಒಂದೊಂದು ನೆಪ ಹೇಳಿ ಬಿಟ್ಟಿದ್ದಾರೆ, ಎದುರಿನ ಕಟ್ಟೆಯವರು ಅದನ್ನೇ ಎಣಿಸುತ್ತ ಕೂತಿದ್ದಾರೆ, ಇವತ್ತು ಇದೂ ಒಂದು ಸೇರಿತು ಎಂದರು. ಮಿರ್ಚಿ ತಿಂದು ಒಬ್ಬರ ಮಾನ ಕಳೆದು ಹೋಗುತ್ತಿದ್ದೇವಲ್ಲ ಎಂದು ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಾಡಿಯೂ ಬೇಡ, ಮ್ಯಾಗ್ನೆಟ್ಟೂ ಬೇಡ, ಹೋಗೋಣ ನಡಿ ಎಂದು ತಮ್ಮನಿಗೆ ಸನ್ನೆ ಮಾಡಿದೆ.

ಜಗದೇವಿಯೇ ನಮ್ಮನ್ನು ತಡೆದು ಹಿತ್ತಲಿಗೆ ಕರೆದುಕೊಂಡು ಹೋಗಿ ತಾಡಪಾಲು ಸರಿಸಿದಳು. ಪೂರಾ ಗಾಡಿ ಕೊಡುವುದಿಲ್ಲ, ಅಪ್ಪನ ನೆನಪಿಗೆ ಇರಲಿ, ಹೇಗೂ ಓಡುವುದಿಲ್ಲ, ಬೇಕಾದ ಸಾಮಾನು ಬಿಚ್ಚಿಕೊಳ್ಳಿ ಎಂದಳು. ತಮ್ಮ ತಲೆ ತಗ್ಗಿಸಿ, ಚೀಲದಲ್ಲಿದ್ದ ಪಾನಾ ತೆಗೆದು ನಟ್ಟು ಬಿಚ್ಚತೊಡಗಿದ. ಎಷ್ಟು ಕೊಡಬೇಕು ಎಂದು ನಾನು ಅಳುಕುತ್ತ ಕೇಳಿದೆ.

“ರೊಕ್ಕ ಬ್ಯಾಡ್ರಿ ಅಕ್ಕಾ. ಹೋಗೂ ಮುಂದ ಕಟ್ಟಿ ಮ್ಯಾಲಿನವರು ಏನಾತು ಅಂತ ಕೇಳೇ ಕೇಳ್ತಾರ. ಗಾಡಿ ವಿಷಯ ಎತ್ತಬ್ಯಾಡ್ರಿ. ಹುಡುಗಿನೇ ಒಲ್ಲೆ ಅಂದ್ಲು ಅಂತ ಹೇಳ್ರಿ. ಒಂದ್ ಸಲ ನನ್ನ ಕಡೆಯಿಂದನೂ ಒಲ್ಲೆ ಆಗ್ಲಿ.”

ತಮ್ಮ ಗ್ರೀಸು ಬಳಿದ ಕೈ ಒರೆಸಿಕೊಳ್ಳುತ್ತ ಆಯಿತು ಅಂದ.

ಅವಳು ಹೇಳಿದಂತೆಯೇ ಆಯಿತು. ಹೊಸ್ತಿಲು ದಾಟಿ ಅಂಗಳಕ್ಕಿಳಿಯುವುದರೊಳಗೆ ಕಟ್ಟೆಯ ಮೇಲಿನ ಒಬ್ಬ ಅಜ್ಜಿ, ಹುಡುಗಿ ಮನಸ್ಸಿಗೆ ಬಂದಳೇನಪ್ಪಾ ಎಂದು ತಮ್ಮನನ್ನೇ ಕೇಳಿದಳು. ಮ್ಯಾಗ್ನೆಟ್ಟಿನ ಚೀಲ ಎದೆಗವಚಿಕೊಂಡು ಅವನು ನಿಂತ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಹುಡುಗ ಅವನು. ನನಗೆ ಜೀವ ಹೋಗಿಬಂತು.

“ನಮಗ ಪಸಂದ್ ಇತ್ರೀ ಆಯಿ. ಅವರೇ ಒಲ್ಲೆ ಅಂದ್ರು.”

ಅಜ್ಜಿ ಗಲ್ಲಕ್ಕೆ ಕೈ ಹಚ್ಚಿದಳು. ಪಕ್ಕದವಳು ಬಿಡಬೇಕಲ್ಲ, ಯಾಕಂತೆ ಎಂದಳು. ಇದಕ್ಕೆ ಜಗದೇವಿ ನಮಗೇನೂ ಹೇಳಿಕೊಟ್ಟಿರಲಿಲ್ಲ. ತಮ್ಮ ಒಂದು ಗಳಿಗೆ ಯೋಚಿಸಿ, “ಅವರಿಗೆ ನಾ ಸಾಲಂಗಿಲ್ಲರಿ” ಎಂದ. ತಿರುಗಿ ನೋಡಿದರೆ ಜಗದೇವಿ ಬಾಗಿಲ ಚೌಕಟ್ಟು ಹಿಡಿದು ನೆಟ್ಟಗೆ ನಿಂತಿದ್ದಳು. ಮುಖ ತಗ್ಗಿರಲಿಲ್ಲ.

ಎರಡನೇ ದಿನವೇ ಗಾಡಿ ಚಾಲೂ ಆಯಿತು. ಅಪ್ಪ ಸ್ಟೇಶನ್ ಬಜಾರಕ್ಕೆ ಹೋದರು, ಅವ್ವ ಮನೆಯಲ್ಲೇ ಉಳಿದಳು. ಚಾಂದಸಾಬರು ಕಥೆ ಕೇಳಿ ತೋಬಾ ತೋಬಾ ಎಂದು ಎರಡೂ ಕೆನ್ನೆ ಬಡಿದುಕೊಂಡರು, ಆಮೇಲೆ ಬಿದ್ದು ಬಿದ್ದು ನಕ್ಕರು. ಹುಡುಗಿ ಒಲ್ಲೆ ಅಂದ ಹುಡುಗ ಎಂದು ನಾವೂ ತಮ್ಮನನ್ನು ಕಾಡಿಸಿದ್ದೇ ಕಾಡಿಸಿದ್ದು.

ಸಂಕ್ರಾಂತಿಯ ಮೇಲೆ ಜಗದೇವಿ ಚಾಂದಸಾಬರಿಂದ ನಂಬರ್ ಪಡೆದು ನನಗೆ ಫೋನ್ ಮಾಡಿ, ಗಾಡಿ ಹೇಗೆ ಓಡುತ್ತಿದೆ ಎಂದು ಕೇಳಿದಳು. ಅದೇ ವಾರ ಮತ್ತೊಂದು ಕಡೆಯವರು ಬಂದು ನೋಡಿ ಹೋಗಿದ್ದರಂತೆ. “ಮೊದಲೆಲ್ಲ ನೋಡಾಕ ಬಂದವರು ಹೋದ ಮ್ಯಾಲ ಕಟ್ಟಿ ಮ್ಯಾಲಿನವರು ‘ಅವರು ಏನಂದ್ರು’ ಅಂತ ಕೇಳ್ತಿದ್ರು. ಈಗ ‘ನೀ ಏನಂದಿ’ ಅಂತ ಕೇಳಾಕತ್ತಾರ ನೋಡ್ರಿ ಅಕ್ಕಾ” ಎಂದಳು. ಏನಂದಿ ಎಂದು ನಾನೂ ಕೇಳಿದೆ. ಇನ್ನೂ ವಿಚಾರ ಮಾಡುತ್ತಿದ್ದೇನೆ ಎಂದು ನಕ್ಕಳು.

ಫೋನ್ ಇಟ್ಟಮೇಲೆ ನನ್ನದೇ ಕಥೆ ನೆನಪಾಯಿತು. ನನ್ನನ್ನೂ ಒಂದು ಕಾಲಕ್ಕೆ ಬಹಳ ಮಂದಿ ನೋಡಿ ಹೋಗಿದ್ದರು. ಕೊನೆಗೆ ಒಪ್ಪಿದವರಿಗೆ ಕೊಟ್ಟರು. ಗಂಡ ಒಳ್ಳೆಯವನೇ, ನನಗೆ ಏನೂ ದೂರಿಲ್ಲ. ನೀ ಏನಂದಿ ಎಂದು ಅವತ್ತು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅಂತಲೇ ಅನ್ನುತ್ತಿದ್ದೆ. ಆದರೂ ಕೇಳಬೇಕಿತ್ತು.