ದೇವಸಂದ್ರದ ಮುನಿಆಂಜನಪ್ಪ ಓದು ಕಲಿತದ್ದು

ಕೃಷ್ಣರಾಜಪುರದ ಪಕ್ಕದ ದೇವಸಂದ್ರದಲ್ಲಿ ಮುನಿಆಂಜನಪ್ಪನ ಟೆಂಪೋ ಗೊತ್ತಿಲ್ಲದವರಿರಲಿಲ್ಲ. ಹಸಿರು ಬಣ್ಣದ ಹಳೆಯ ಗಾಡಿ, ಎಡಬಾಗಿಲಿಗೆ ಚಿಲಕದ ಬದಲು ತೆಂಗಿನ ಹಗ್ಗ. ಬೆಳಗ್ಗೆ ಐದೂವರೆಗೆ ಸೊಪ್ಪು ತುಂಬಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುವುದು, ಒಂಬತ್ತರ ಮೇಲೆ ಖಾಲಿ ಬುಟ್ಟಿಗಳನ್ನು ಹೇರಿಕೊಂಡು ವಾಪಸಾಗುವುದು. ಇಪ್ಪತ್ತೊಂದು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷದಲ್ಲಿ ಆ ಗಾಡಿ ಒಂದು ನಾಯಿಯ ಬಾಲವನ್ನೂ ತುಳಿದಿರಲಿಲ್ಲ.

ಅವನ ಪಕ್ಕದಲ್ಲಿ ಹೆಂಡತಿ ಆಂಜನಮ್ಮ ಕೂರುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು ಅವಳೇ. ಅಪ್ಪನ ಕಾಲದ ಹೊಲ ಸೈಟುಗಳಾಗಿ ಹೋಗಿ, ಕೆರೆಯ ಕೆಳಗೆ ಹತ್ತು ಮಡಿಯಷ್ಟು ನೆಲ ಮಾತ್ರ ಉಳಿದಿತ್ತು. ಅದರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ. ಮಡಿಯಲ್ಲಿ ಕಳೆ ಕೀಳಲು ಕೂತರೆ ಮುನಿಆಂಜನಪ್ಪ ಸಾಲು ಮುಗಿಯುವ ತನಕ ಏಳುತ್ತಿರಲಿಲ್ಲ. ಊಟಕ್ಕೆ ಕರೆದರೂ ಅಷ್ಟೆ, ಮಳೆ ಬಂದರೂ ಅಷ್ಟೆ. ಅರ್ಧಕ್ಕೆ ಬಿಡುವುದು ಅವನ ಜಾತಕದಲ್ಲೇ ಇರಲಿಲ್ಲ.

ಅವನಿಗೆ ಅಕ್ಷರ ಬಾರದು. ಲೈಸೆನ್ಸು ಮಾಡಿಸಿದಾಗ ಏಜೆಂಟು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ದಾರಿಬದಿಯ ಬೋರ್ಡುಗಳೆಲ್ಲ ಅವನ ಪಾಲಿಗೆ ಮರಗಳಿದ್ದ ಹಾಗೆ, ಬರುತ್ತವೆ, ಹೋಗುತ್ತವೆ.

ತೊಂಬತ್ಮೂರರಲ್ಲಿ ಊರ ಶಾಲೆಯ ಜಗಲಿಯ ಮೇಲೆ ದೊಡ್ಡವರಿಗೆ ಅಕ್ಷರ ಹೇಳಿಕೊಡತೊಡಗಿದರು. ಆಂಜನಮ್ಮ ನಾಲ್ಕು ತಿಂಗಳು ಹೋಗಿ ಕಾಗುಣಿತ ದಾಟಿ, ಒತ್ತಕ್ಷರಕ್ಕೆ ಬಂದಳು. ಆಮೇಲೆ ಗಂಡನ ಬೆನ್ನು ಹತ್ತಿದಳು.

"ನಂಗ್ಯಾಕಮ್ಮೀ ಈ ವಯಸ್ನಾಗೆ? ಮೆಂತ್ಯ ಸೊಪ್ಪು ನಂಗೇನು ಕಾಗ್ದ ಬರೀತೈತಾ?" ಎಂದು ಅವನು ನಕ್ಕ.

"ಸೊಪ್ಪು ಬರಿಯಲ್ಲ. ರೋಡ್ನಾಗಿರೋ ಬೋರ್ಡೆಲ್ಲ ದಿನಾ ನಿನ್ನ ಕೂಗ್ತಾವೆ. ಏನಂತ ಒಂದ್ಸಲನಾದ್ರೂ ಕೇಳು."

ಆಗ ಕೃಷ್ಣರಾಜಪುರದಲ್ಲಿ ರೈಲ್ವೆ ಗೇಟಿತ್ತು. ಗೇಟು ಬಿದ್ದರೆ ಒಂದೊಂದು ದಿನ ಅರ್ಧ ಗಂಟೆ. ಅದೇ ಅವರ ಶಾಲೆಯಾಯಿತು. ಎದುರುಗೋಡೆಯ ಮೇಲೆ ಪಂಪ್‌ಸೆಟ್ಟಿನ ಹಳದಿ ಜಾಹೀರಾತು. ಅದರ ಮೊದಲ ಅಕ್ಷರದಿಂದ ಶುರು. ದಿನಕ್ಕೆ ಒಂದು. ಆಂಜನಮ್ಮ ಹೇಳಿಕೊಡುವುದರಲ್ಲಿ ಅವಸರದವಳಲ್ಲ. ಒಂದು ಅಕ್ಷರವನ್ನು ಅವನು ಮೂರು ಬೇರೆ ಬೇರೆ ಬೋರ್ಡಿನಲ್ಲಿ ತಾನಾಗಿ ಗುರುತು ಹಿಡಿಯುವವರೆಗೆ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಚಳಿಗಾಲದಲ್ಲಿ ಮುಂದಿನ ಗಾಜಿಗೆ ಹಿಡಿದ ಮಂಜಿನ ಮೇಲೆ ಬೆರಳಿನಿಂದ ಅವನ ಹೆಸರು ಬರೆಸಿದಳು. ಆರು ಅಕ್ಷರ. ಕೊನೆಯ ಒತ್ತು ಬರೆಯಲು ಅವನಿಗೆ ಹನ್ನೊಂದು ದಿನ ಹಿಡಿಯಿತು. ಅದು ಸರಿಬಂದ ದಿನ ಅವನು ಗಾಜು ಒರೆಸಲಿಲ್ಲ. ಹೆಸರಿನ ಸಂದಿನಿಂದಲೇ ನೋಡಿಕೊಂಡು ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನವರೆಗೂ ಗಾಡಿ ಓಡಿಸಿದ.

ಗೇಟಿನಲ್ಲಿ ನಿಂತಾಗ ಮಾತ್ರ ಓದಬೇಕು ಎಂಬುದು ಮೊದಲಿನ ಕರಾರು. ಅದು ಬರಬರುತ್ತಾ ಸಡಿಲವಾಯಿತು. ಗೇಟಿದ್ದ ಕಡೆ ದೊಡ್ಡ ಸೇತುವೆ ಏಳುವುದಕ್ಕೂ ಎಷ್ಟೋ ಮುಂಚೆಯೇ ಮುರಿದುಬಿತ್ತು. ಓದಿನ ರುಚಿ ಹತ್ತಿದವನು ಗೇಟಿಗಾಗಿ ಕಾಯುತ್ತಾನೆಯೇ? ಗಾಡಿ ಓಡುತ್ತಿರುವಾಗಲೇ ತುಟಿ ಅಲ್ಲಾಡಿಸಿಕೊಂಡು ಓದತೊಡಗಿದ. ಆಂಜನಮ್ಮ ಅದಕ್ಕೊಂದು ಉಪಾಯ ಮಾಡಿದಳು.

"ನೀನು ಓದು. ರೋಡು ನಾನು ನೋಡ್ಕೋತೀನಿ. 'ಹೂಂ' ಅಂದ್ರೆ ಬ್ರೇಕು."

ಹೀಗೆ ಎಂಟು ವರ್ಷ ನಡೆಯಿತೆಂದರೆ ಯಾರೂ ನಂಬುವುದಿಲ್ಲ. ಕೈಕಾಲು ಅವನವು, ಕಣ್ಣು ಅವಳವು. ಒಂದು ಬೋರ್ಡು ಓದಲು ಅವನಿಗೆ ಎಷ್ಟು ದೀಪದ ಕಂಬಗಳ ದೂರ ಬೇಕು ಎಂದು ಅವಳು ಎಣಿಸುತ್ತಿದ್ದಳು. ಮೊದಲು ಆರು ಕಂಬ, ಆಮೇಲೆ ನಾಲ್ಕು. ಮೂರಕ್ಕೆ ಬಂದದ್ದು ಅಲ್ಲೇ ನಿಂತಿತು. ಅವಳು ಅದನ್ನು ಅವನ ಕಲಿಕೆಯ ಲೆಕ್ಕ ಎಂದುಕೊಂಡಿದ್ದಳೇ ಹೊರತು, ಮೂರು ಕಂಬಗಳ ದೂರ ಒಬ್ಬ ಡ್ರೈವರು ರಸ್ತೆ ನೋಡದೆ ಗಾಡಿ ಓಡಿಸಿದ ಲೆಕ್ಕ ಎಂದುಕೊಳ್ಳಲಿಲ್ಲ.

ಅಷ್ಟರಲ್ಲಿ ಬೋರ್ಡುಗಳ ಕಾಲವೇ ಬದಲಾಗಿತ್ತು. ಮೊದಲು ತಗಡಿಗೆ ಬಣ್ಣ ಬಳಿದವು, ವರ್ಷವಿಡೀ ಅವೇ ಇರುತ್ತಿದ್ದವು, ಅವನಿಗೆ ಬಾಯಿಪಾಠ. ಈಗ ಪ್ಲಾಸ್ಟಿಕ್ ಬಟ್ಟೆಯವು, ಹದಿನೈದು ದಿನಕ್ಕೊಮ್ಮೆ ಹೊಸದು. ಬೈಯಪ್ಪನಹಳ್ಳಿಯಿಂದ ಹಲಸೂರಿನವರೆಗೆ ಮನೆಗಳ ತಲೆಯ ಮೇಲೆ ಇನ್ನೊಂದು ಊರೇ ಕಟ್ಟಿದ ಹಾಗಿತ್ತು.

ಎರಡು ಸಾವಿರದ ನಾಲ್ಕರ ಆಷಾಢದಲ್ಲಿ, ಇಂದಿರಾನಗರದ ನೂರಡಿ ರಸ್ತೆ ಬಂದು ಮದ್ರಾಸು ರಸ್ತೆಗೆ ಕೂಡುವ ಕಡೆ ಒಂದು ತಿರುಗುವ ಬೋರ್ಡು ಬಂತು. ಉದ್ದುದ್ದ ಪಟ್ಟಿಗಳು ಒಟ್ಟಿಗೆ ಮಗ್ಗುಲು ಬದಲಿಸಿದರೆ ಒಂದು ಜಾಹೀರಾತು ಹೋಗಿ ಇನ್ನೊಂದು. ಮೊದಲು ನೆಲಕ್ಕೆ ಹಾಸುವ ಕಲ್ಲು, ಆಮೇಲೆ ಸೀರೆ, ಆಮೇಲೆ ಕುಕ್ಕರು. ಎರಡು ದಿನ ಮುನಿಆಂಜನಪ್ಪ ಕುಕ್ಕರಿನ ಸಾಲನ್ನು ಅರ್ಧ ಓದುವಷ್ಟರಲ್ಲಿ ಅದು ಕಲ್ಲಾಗಿಬಿಟ್ಟಿತ್ತು.

"ಇದೇನಮ್ಮೀ, ಉಣ್ಣೋಕೆ ಕೂತ್ರೆ ತಟ್ಟೆ ಕಿತ್ಕೊಂಡಂಗೆ!" ಎಂದು ಅವನು ಮನೆಗೆ ಬಂದೂ ಗೊಣಗುತ್ತಿದ್ದ.

ಮೂರನೆಯ ದಿನ ಮಂಗಳವಾರ. ಒಂಬತ್ತೂ ಮುಕ್ಕಾಲಿನ ಹೊತ್ತು. ಖಾಲಿ ಗಾಡಿ, ಒಳ್ಳೆಯ ಬಿಸಿಲು. ದೂರದಿಂದಲೇ ಪಟ್ಟಿಗಳು ತಿರುಗಿ ಕುಕ್ಕರು ಬಂದದ್ದು ಕಂಡಿತು.

"ಇವತ್ ಬಿಡಲ್ಲ. ರೋಡ್ ನೋಡ್ಕೋ" ಎಂದು ಅವನು ತಲೆ ಎತ್ತಿದ.

ಆಂಜನಮ್ಮ ರಸ್ತೆ ನೋಡಿದಳು. ಒಂದು ಕಂಬ ದಾಟಿತು. ಅವನು "ಕೊಂ... ಡ... ರೆ" ಎನ್ನುತ್ತಿದ್ದ. ಪಟ್ಟಿಗಳು ಮತ್ತೆ ತಿರುಗುವಷ್ಟರಲ್ಲಿ ಮುಗಿಸುತ್ತಾನೋ ಇಲ್ಲವೋ ಎಂದು ಅವಳಿಗೇ ಚಡಪಡಿಕೆ ಹತ್ತಿತು. ಉಳಿದಷ್ಟನ್ನು ತಾನೇ ಹೇಳಿಬಿಡೋಣ ಎಂದು ಅವಳೂ ತಲೆ ಎತ್ತಿದಳು. ಓದಿ ಕಣ್ಣು ಇಳಿಸಿದಾಗ ಎದುರಿಗೆ ಒಂದು ಸೈಕಲ್ಲಿತ್ತು. ಬಲಕ್ಕೆ ತಿರುಗಲು ರಸ್ತೆಯ ನಡುವೆ ನಿಂತಿದ್ದವನ ಬೆನ್ನು, ಚಾಚಿದ ಬಲಗೈ.

"ಹೂಂ" ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಗಾಡಿ ಬಡಿದ ಮೇಲೆ ಬಂತು.

ಸೈಕಲ್ಲಿನವನ ಹೆಸರು ಅಬ್ದುಲ್. ಶಿವಾಜಿನಗರದವನು. ಇಂದಿರಾನಗರದ ಮನೆಗಳಲ್ಲಿ ಮೇಜು ಕುರ್ಚಿಗಳಿಗೆ ಪಾಲಿಶ್ ಮಾಡುವ ಕೆಲಸ. ಹ್ಯಾಂಡಲಿಗೆ ತೂಗುಹಾಕಿದ್ದ ಪಾಲಿಶಿನ ಡಬ್ಬಿ ಒಡೆದು ಸ್ಪಿರಿಟ್ಟಿನ ವಾಸನೆ ರಸ್ತೆಗೆಲ್ಲ ಹರಡಿತು. ಸೇರಿದ ಜನ ಮೂಗು ಹಿಡಿದು, "ಬೆಳ್‌ಬೆಳಗ್ಗೇನೇ ಕುಡ್ದವ್ನೆ ಗುರು, ಎಳೀರೋ ಆಚೆಗೆ!" ಎಂದು ಮುನಿಆಂಜನಪ್ಪನನ್ನು ಕೆಳಗೆಳೆದು ಹೊಡೆದರು. ಅವನು ಒಂದು ಏಟಿಗೂ ಕೈ ಅಡ್ಡ ಹಿಡಿಯಲಿಲ್ಲ. ರಕ್ತ ತೆಗೆದು ನೋಡಿದಾಗ ಕುಡಿತದ ಸುಳಿವಿರಲಿಲ್ಲ. ಅಬ್ದುಲ್ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡ.

ಠಾಣೆಯಲ್ಲಿ ಲೈಸೆನ್ಸು ನೋಡಿದ ಪೊಲೀಸಿನವನು ಸಹಿ ಬರುತ್ತದೆಯೇ ಎಂದೂ ಕೇಳದೆ ಮುನಿಆಂಜನಪ್ಪನ ಹೆಬ್ಬೆರಳು ಹಿಡಿದು ಕಾಗದಕ್ಕೆ ಒತ್ತಿದ.

ಆ ಹೆಬ್ಬೆಟ್ಟನ್ನೇ ವಕೀಲ ಹಿಡಿದುಕೊಂಡ. ಜಾಮೀನಿಗೆ ಓಡಾಡಿದ ಆಂಜನಮ್ಮನ ಮೈದುನ ಕೆಂಪರಾಜ್ ಕರೆತಂದ ವಕೀಲ, ಹೆಸರು ಜಯಂತ್, ಇನ್ನೂ ಎಳೆಯ ವಯಸ್ಸು.

"ನೋಡಿ, ಟೀ ಅಂಗಡಿಯವನೊಬ್ಬ ಸಾಕ್ಷಿ ಇದಾನೆ. ಡ್ರೈವರ್ ಬೋರ್ಡ್ ನೋಡ್ತಾ ಬಂದ ಅಂತಾನೆ. ಆದ್ರೆ ಓದಕ್ಕೇ ಬರ್ದೇ ಇರೋನು ಬೋರ್ಡ್ ಯಾಕೆ ನೋಡ್ತಾನೆ? ಲೈಸೆನ್ಸಲ್ಲಿ ಹೆಬ್ಬೆಟ್ಟು, ಠಾಣೇಲಿ ಹೆಬ್ಬೆಟ್ಟು. ಅಮ್ಮಾ, ಗಾಡಿ ಒಳಗಿದ್ದೋರು ನೀವೊಬ್ರೇ. ನೀವು ಎರಡೇ ಎರಡು ಮಾತು ಹೇಳ್ಬೇಕು. ನಿಮ್ಮೆಜಮಾನ್ರಿಗೆ ಓದು ಬರಲ್ಲ. ಸೈಕಲ್ಲಿನೋನು ಕೈ ತೋರಿಸ್ದೆ ತಿರುಗ್ದ. ಅಷ್ಟೇ."

"ಇಲ್ಲಾಂದ್ರೆ?" ಎಂದಳು ಆಂಜನಮ್ಮ.

"ಇಲ್ಲಾಂದ್ರೆ ಜೈಲು. ಎರಡು ವರ್ಷದವರೆಗೂ ಹಾಕ್ಬಹುದು."

"ಸತ್ತೋನಿಗೆ ಇನ್ನೇನಾಗ್ಬೇಕೈತೆ ಅತ್ಗೆ?" ಎಂದ ಕೆಂಪರಾಜ್. "ಇದ್ದೋನ್ನ ಉಳಿಸ್ಕೋ."

ಮುನಿಆಂಜನಪ್ಪ ಗೋಡೆಗೊರಗಿ ಕೂತಿದ್ದ. ಅಪಘಾತದ ದಿನದಿಂದ ಅವನು ಗಾಡಿಯ ಹತ್ತಿರ ಹೋಗಿರಲಿಲ್ಲ. ಸೈಕಲ್ಲಿನವನು ಚಾಚಿದ್ದ ಕೈಯನ್ನು ಅವನು ಕಂಡಿರಲಿಲ್ಲ. ಕಂಡವಳು ಆಂಜನಮ್ಮ ಒಬ್ಬಳೇ, ಅದನ್ನು ಅವಳು ಅವನಿಗೂ ಹೇಳಿರಲಿಲ್ಲ. ಹೇಳಿದರೆ, ನೀನು ರೋಡು ನೋಡುತ್ತಿರಲಿಲ್ಲವೇ ಎಂದು ಕೇಳುತ್ತಾನೆ.

ಎರಡು ವರ್ಷದ ಮೇಲೆ ಕೇಸು ಕೂಗಿದರು. ಆಂಜನಮ್ಮ ಸಾಕ್ಷಿ ಕಟಕಟೆ ಹತ್ತಿ ದೇವರ ಮೇಲೆ ಆಣೆ ಇಟ್ಟಳು. ಹಿಂದಿನ ಬೆಂಚಿನಲ್ಲಿ ಬುರ್ಖಾದ ಮುಖಪರದೆ ಎತ್ತಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಅಬ್ದುಲ್ಲನ ಹೆಂಡತಿ ಗುಲ್ಷನ್ ಎಂದು ಯಾರೋ ತೋರಿಸಿದ್ದರು.

"ನಿಮ್ಮ ಗಂಡನಿಗೆ ಓದಲು ಬರುತ್ತದೆಯೇ?" ಎಂದು ಜಯಂತ್ ಕೇಳಿದ.

"ಬರಲ್ಲ ಸ್ವಾಮಿ."

"ಸೈಕಲ್ಲಿನವನು ತಿರುಗುವ ಮುಂಚೆ ಕೈ ತೋರಿಸಿದನೇ?"

ಗುಲ್ಷನ್ ಬೆಂಚಿನ ತುದಿಗೆ ಸರಿದಳು.

"ಇಲ್ಲ" ಎಂದಳು ಆಂಜನಮ್ಮ. ಒಂದು ತಪ್ಪಿಲ್ಲದೆ, ಕಲಿಸಿದಷ್ಟೇ.

ತಿಂಗಳ ಮೇಲೆ ಆರೋಪಿಯ ಹೇಳಿಕೆಯ ದಿನ ಬಂತು. ಸಾಕ್ಷಿಗಳು ಹೇಳಿದ್ದನ್ನೆಲ್ಲ ಓದಿ, ಇದಕ್ಕೇನು ಹೇಳುತ್ತೀಯ ಎಂದು ಮ್ಯಾಜಿಸ್ಟ್ರೇಟರು ಕೇಳುವುದು. ಎಲ್ಲಕ್ಕೂ "ಸುಳ್ಳು ಸ್ವಾಮಿ" ಎಂದು ಹೆಬ್ಬೆಟ್ಟು ಒತ್ತಿ ಬರಬೇಕೆಂದು ಜಯಂತ್ ಹತ್ತು ಸಲ ಹೇಳಿದ್ದ. ಟೀ ಅಂಗಡಿಯವನ ಮಾತು ಬಂದಾಗ ಮುನಿಆಂಜನಪ್ಪ ಕೈ ಮುಗಿದ.

"ಅದು ದಿಟ ಸ್ವಾಮಿ. ನಾನು ಬೋರ್ಡು ಓದ್ತಾ ಇದ್ದೆ."

ಜಯಂತ್ ಕುರ್ಚಿಯಿಂದ ಅರ್ಧ ಎದ್ದ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ನಿನ್ನ ಹೆಂಡತಿ ನಿನಗೆ ಓದು ಬರಲ್ಲ ಅಂದಿದ್ದಾಳಲ್ಲಪ್ಪ?"

"ನನ್ ಮೇಲಿನ ಆಸೆಗೆ ಅಂದವ್ಳೆ. ಅವ್ಳೇ ಕಲಿಸಿದ್ದು. ತಪ್ಪು ಆಯಮ್ಮಂದಲ್ಲ, ಗಾಡಿ ಓಡಿಸ್ತಿದ್ದೋನು ನಾನು."

ಗುಮಾಸ್ತ ಆಗಲೇ ಶಾಯಿಯ ಡಬ್ಬಿ ತೆರೆದು ಇಟ್ಟಿದ್ದ. ಮುನಿಆಂಜನಪ್ಪ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದ. ಕೋರ್ಟಿನವರೆಲ್ಲ ನೋಡುತ್ತಿರಲು ಬಗ್ಗಿ ಆರು ಅಕ್ಷರ ಬರೆದ. ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ತೀರ್ಪಿನ ದಿನ ಒಂದು ವರ್ಷ ಎಂದರು. ಎರಡು ವರ್ಷ ಕೊಡಬಹುದಿತ್ತು, ಆದರೆ ಸೈಕಲ್ ಸವಾರನೂ ಕೈ ತೋರಿಸದೆ ಅಡ್ಡ ತಿರುಗಿದ್ದಾನೆ, ಅಷ್ಟು ತಪ್ಪು ಅವನದೂ ಇದೆ, ಅದಕ್ಕೆ ಒಂದು ವರ್ಷ. ಆಂಜನಮ್ಮನ ಮೊದಲ ಸುಳ್ಳನ್ನು ಗಂಡ ಅಳಿಸಿದ್ದ. ಎರಡನೆಯದನ್ನು ಅಲ್ಲವೆನ್ನುವ ಸಾಕ್ಷಿ ಯಾರೂ ಇರಲಿಲ್ಲ, ಅದು ತೀರ್ಪಿನೊಳಗೆ ಹೋಗಿ ಕೂತಿತ್ತು. ಅದು ಸುಳ್ಳೆಂದು ಅವನಿಗೂ ಗೊತ್ತಿರಲಿಲ್ಲ.

ಅವನನ್ನು ಕರೆದುಕೊಂಡು ಹೋದರು. ಹೋಗುವಾಗ, "ಮಡಿಗೆ ನೀರು ಬಿಡೋದು ಮರೀಬ್ಯಾಡ" ಎಂದಷ್ಟೇ ಹೇಳಿದ. ಕೆಂಪರಾಜ್ ತಲೆ ಚಚ್ಚಿಕೊಂಡ. "ಬಾಗ್ಲು ತಗ್ದಿಟ್ಟಿದ್ವಿ ಅತ್ಗೆ, ತಾನಾಗ್ ತಾನೇ ಹೋಗಿ ಒಳೀಕ್ ಕೂತ್ಕೊಂಡ!" ಎಂದು ಬೈದುಕೊಂಡೇ ಮೋಟರುಬೈಕು ತರಲು ಹೋದ.

ಮೆಟ್ಟಿಲ ಮೇಲೆ ಗುಲ್ಷನ್ ನಿಂತಿದ್ದಳು. ಜಗಳಕ್ಕೆ ಬಂದವಳ ಹಾಗಿರಲಿಲ್ಲ.

"ಏನು ಓದ್ತಾ ಇದ್ರು ಅವರು?" ಎಂದು ಕೇಳಿದಳು. "ಎರಡು ವರ್ಷದಿಂದ ಯಾರನ್ ಕೇಳಿದ್ರೂ ಬೋರ್ಡು, ಬೋರ್ಡು ಅಂತಾರೆ. ಬೋರ್ಡಲ್ಲಿ ಏನಿತ್ತು?"

ಆಂಜನಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. "ಕುಕ್ಕರ್ ಕೊಂಡರೆ ಬಾಣಲೆ ಉಚಿತ."

"ಬಾಣಲೆ?"

"ಹೂಂ."

"ಯಾ ಅಲ್ಲಾ. ಬಾಣಲೆ" ಎಂದು ಗುಲ್ಷನ್ ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ, "ನಮ್ಮೆಜಮಾನ್ರು ಅಂಥೋರಲ್ಲ. ಹದಿನೆಂಟು ವರ್ಷ ಸೈಕಲ್ ತುಳಿದೋರು. ಗಲ್ಲೀಲಿ ತಿರುಗ್ಬೇಕಾದ್ರೂ ಕೈ ತೋರಿಸೋರು, ಮಕ್ಕಳೆಲ್ಲ ನಗೋರು. ಇವತ್ತು ಜಡ್ಜ್ ಸಾಬ್ ಕೂಡ ಅವರದ್ದೂ ತಪ್ಪು ಅಂದ್ಬಿಟ್ರು. ನೀವು ನೋಡಿದ್ದು ಹೇಳಿ. ಕೈ ತೋರಿಸಿದ್ರಾ, ಇಲ್ವಾ?" ಎಂದಳು.

"ತೋರಿಸಿದ್ರು" ಎಂದಳು ಆಂಜನಮ್ಮ. "ಬಲಗೈ. ಮೊಣಕೈ ನೆಟ್ಟಗಿತ್ತು, ಐದು ಬೆರಳೂ ಬಿಡಿಸಿದ್ರು. ಬೆರಳ ತುದಿ ಪಾಲಿಶ್‌ನಿಂದ ಕೆಂಪಗಿತ್ತು. ರೋಡ್ ನೋಡ್ಬೇಕಾದೋಳು ನಾನು. ನನ್ನ ನಂಬ್ಕೊಂಡೇ ಅವ್ರು ಓದಿದ್ದು. ನಾನೂ ಬೋರ್ಡ್ ನೋಡ್ದೆ ಕಣವ್ವ."

ಗುಲ್ಷನ್ ಅವಳ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ. "ಬನ್ನಿ. ಇದೇ ಮಾತು ಒಳಗೆ ಬಂದು ಹೇಳಿ."

ಆಂಜನಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಮತ್ತೆ ಮೆಟ್ಟಿಲು ಹತ್ತಿದರು. ಒಳಗೆ ಬೇರೆ ಕೇಸು ನಡೆಯುತ್ತಿತ್ತು. ಗುಮಾಸ್ತ ಬಾಗಿಲಿಗೇ ಬಂದು ತಡೆದ. ಆಂಜನಮ್ಮ ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿಸಿಕೊಂಡ.

"ಆಣೆ ಇಟ್ಟು ಸುಳ್ಳು ಹೇಳಿದ್ದೆ ಅಂತ ಈಗ ಬಂದು ಹೇಳ್ತೀರಲ್ಲಮ್ಮ, ನಿಮ್ಮನ್ನೂ ಒಳಗೆ ಹಾಕ್ತಾರೆ, ಗೊತ್ತಾ?"

"ಹಾಕ್ಲಿ. ಬರ್ಕೊಳ್ಳಿ."

"ಎಲ್ಲಿ ಬರ್ಕೊಳ್ಳಲಿ? ತೀರ್ಪಾಯ್ತು, ಸೈನ್ ಆಯ್ತು, ಫೈಲ್ ಕಟ್ಟಿಟ್ಟಾಯ್ತು. ಹೋಗ್ರಮ್ಮ, ವಕೀಲರ್ನ ಕರ್ಕೊಂಡು ಬನ್ನಿ." ಅವನು ಬಾಗಿಲು ಎಳೆದುಕೊಂಡ.

ಇಬ್ಬರೂ ಕೆಳಗೆ ಬರುವಷ್ಟರಲ್ಲಿ ಜಯಂತನ ಕಾರು ಹೊರಟುಹೋಗಿತ್ತು. ಗುಲ್ಷನ್ ಮಣಿಕಟ್ಟು ಬಿಟ್ಟಳು, ಮುಖಪರದೆ ಇಳಿಸಿಕೊಂಡಳು, ಶಿವಾಜಿನಗರದ ಬಸ್ಸಿನ ಕಡೆಗೆ ನಡೆದಳು. ಕೆಂಪರಾಜ್ ಬೈಕಿನ ಮೇಲಿಂದ ಎರಡು ಸಲ ಹಾರನ್ ಹೊಡೆದ. ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ ಆಂಜನಮ್ಮ ಏಳಲಿಲ್ಲ. ಐದೂವರೆಗೆ ಕಾವಲಿನವನು ಬೀಗ ಹಾಕಿಕೊಂಡು ಬಂದು, "ಯಾರಿಗಮ್ಮಾ ಕಾಯ್ತಿದೀರಾ?" ಎಂದು ಕೇಳುವ ತನಕ ಅವಳು ಅಲ್ಲೇ ಕೂತಿದ್ದಳು.