ವೈನಿ ಬರೆದ ದಡಿಗಳು

ಎದುರಿನವನು ಹೇಳಿದ್ದನ್ನು ಹೇಳಿದಂತೆ ಒಪ್ಪಿ ನನಗೆ ರೂಢಿಯಿಲ್ಲ. ಬನಹಟ್ಟಿಯಲ್ಲಿ ಎರಡು ಮಗ್ಗದಿಂದ ಹನ್ನೆರಡಕ್ಕೆ ಬಂದದ್ದೇ ಹಾಗೆ. ಆದರೆ ಒಂದು ಚೌಕಾಸಿ ಇಂದಿಗೂ ಚುಚ್ಚುತ್ತದೆ.

ನಮ್ಮ ಸೀರೆಗಳ ದಡಿಯ, ಅಂದರೆ ಅಂಚಿನ, ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆಯುವವರು ಅಣ್ಣನ ಹೆಂಡತಿ, ನನ್ನ ವೈನಿ. ಅವರು ತವರಿಗೆ, ಬೀಳಗಿಗೆ ಹೋಗಿದ್ದಾಗ ಆ ಕಂಪ್ಯೂಟರ್ ಕೆಟ್ಟಿತು. ಗುಂಡಿ ಒತ್ತಿದರೆ ನೀಲಿ ಪರದೆ, ಮತ್ತೆ ಮೊದಲಿಂದ ಶುರು. ಸಂಜೆಗೆ ವೈನಿ ಬಂದು ಹೊಸ ಆರ್ಡರಿಗೆ ಕೂರಬೇಕಿತ್ತು. ಅದರ ಪೆಟ್ಟಿಗೆ ಹೊತ್ತು ಜಮಖಂಡಿಯ ರಿಪೇರಿಯವನ ಹತ್ತಿರ ಓಡಿದೆ.

"ಎಸ್‌ಎಸ್‌ಡಿ ಹಾಕಿಸೀರಿಲ್ಲ? ಬರದಿದ್ದೆಲ್ಲಾ ಅದರಾಗನ ಇರತೈತಿ. ಮೊದಲ ಅದನ್ನ ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ಒಳಗಿಂದೆಲ್ಲಾ ಕಾಪಿ ತಗೀತೇನ್ರಿ. ಆಮ್ಯಾಲ ಏನಾಗೈತಿ ನೋಡೂಣು. ನಾಳಿ ಬರ್ರಿ."

"ನಾಳಿ ಗೀಳಿ ಬ್ಯಾಡೋ ಮಾರಾಯಾ. ಡಿಜೈನೆಲ್ಲಾ ಪೆನ್‌ಡ್ರೈವ್‌ನ್ಯಾಗ ಅದಾವು. ಎಲ್ಲಾ ಅಳಿಸಿ ಹೊಸಾ ವಿಂಡೋಸ್ ಹಾಕು, ಈಗ ಕೊಡು."

"ಡಿಜೈನ್ ಬರದವ್ರನ್ನ ಒಮ್ಮೆ ಕೇಳ್ರಲಾ, ಸಾವಕಾರ್ರ."

"ಕೇಳೂದೇನೈತಿ ಲೇ, ಕಂಪ್ಯೂಟರ್ ತಂದಾಂವ ನಾನು!"

"ಅದೂ ಖರೆನ ಬಿಡ್ರಿ," ಎಂದು ನಕ್ಕ. ಒಂದು ದಿನ ಉಳಿಸಿದೆನೆಂದು ನಾನೂ ನಕ್ಕೆ.

ಎಲ್ಲ ಅಳಿಸಿ ಹೊಸದು ಹಾಕಿದ ಮೇಲೂ ಅದೇ ನೀಲಿ ಪರದೆ. ಆಗ ಪೆಟ್ಟಿಗೆ ಬಿಚ್ಚಿದ. ಎಸ್‌ಎಸ್‌ಡಿಯ ಕೇಬಲ್ ಸಡಿಲಾಗಿತ್ತು! ಹೆಬ್ಬೆರಳಿನಿಂದ ಒತ್ತಿದ, ಕಂಪ್ಯೂಟರ್ ಎದ್ದು ಕೂತಿತು. ಅಷ್ಟೇ. ನಿಮ್ಮ ಕಂಪ್ಯೂಟರ್ ಹೀಗೆ ಹಟ ಹಿಡಿದರೆ ಮೊದಲು ಕೇಬಲ್ ನೋಡಿ, ಒಳಗಿನದನ್ನು ಕಾಪಿ ಮಾಡಿಸಿ, ಅಳಿಸುವ ಮಾತು ಕಟ್ಟಕಡೆಗೆ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ್ದು ಒಂದಿಷ್ಟಾದರೂ ಮರಳಿ ಸಿಗುತ್ತಿತ್ತಂತೆ. ಎಸ್‌ಎಸ್‌ಡಿ ಅಳಿಸಿದ್ದನ್ನೆಲ್ಲ ತಾನೇ ತೊಳೆದುಕೊಂಡುಬಿಡುತ್ತದೆ.

ಸಂಜೆ ವೈನಿ ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಹುಡುಕಿದರು.

"ನನ್ನ ಹೊಸಾ ದಡಿ ಎಲ್ಲಿ ಅದಾವಪಾ?"

"ಪೆನ್‌ಡ್ರೈವ್‌ನ್ಯಾಗ ಇಲ್ಲೇನ್ರಿ?"

"ಅದರಾಗ ಮಗ್ಗಕ್ಕ ಕೊಟ್ಟಾವಷ್ಟ. ಇವು ಇನ್ನೂ ಮನಸಿಗೆ ಬಂದಿದ್ದಿಲ್ಲ, ತಿದ್ದಾಕತ್ತಿದ್ದೆ. ಎರಡ ವರ್ಷ ಆತು."

ಆದದ್ದನ್ನು ಹೇಳಿದೆ. "ಮತ್ತ ಬರೀರಿ ವೈನಿ, ನಿಮ್ಮ ಕೈಯಾಗ ಐತಿ," ಎಂದೂ ಸೇರಿಸಿದೆ.

"ನೇಯ್ದಿದ್ದಾದ್ರ ಸೀರಿ ನೋಡಿ ಬರೀತಿದ್ದೆ. ಇವನ್ನ ಏನ್ ನೋಡಿ ಬರೀಲಿ?"

ಬೈಯಲಿಲ್ಲ. ಆ ರಾತ್ರಿಯೇ ಆರ್ಡರಿನ ಕೆಲಸಕ್ಕೆ ಕೂತರು. ಅಂದಿನಿಂದ ಗಿರಾಕಿ ಕೇಳಿದಷ್ಟೇ ಬರೆಯುತ್ತಾರೆ. ಮುಗಿಸಿ ಕಂಪ್ಯೂಟರ್ ಆರಿಸಿ ಏಳುತ್ತಾರೆ. ಮೊದಲಿನಂತೆ ತಮಗಾಗಿ ಒಂದು ಗಳಿಗೆ ಕೂರುವುದಿಲ್ಲ. ಕೂರ್ರಿ ಎನ್ನಲು ನನಗೆ ಬಾಯಿಲ್ಲ.