ದೆಹಲಿಗೆ ಒಯ್ದ ಅವರೆ ಬೀಜ

ಆಗ ನನಗೆ ಎಪ್ಪತ್ತೊಂದು. ಅದಾಗಿ ಆರು ವರ್ಷವಾಯಿತು. ಜನವರಿಯ ಕೊನೆಯಲ್ಲಿ ಮೈಸೂರಿನಲ್ಲಿ ದೆಹಲಿಯ ರೈಲು ಹತ್ತಿದೆ. ಚೀಲದಲ್ಲಿ ಬೂದಿ ಸವರಿದ ಎರಡು ಸೇರು ಅವರೆ ಬೀಜವಿತ್ತು.

ಮೊಮ್ಮಗಳು ಸವಿತಾ ಅಲ್ಲಿ ಗಿಡಗಳ ಮೇಲೆ ದೊಡ್ಡ ಓದು ಓದುತ್ತಿದ್ದಳು. ಅವರೆ, ಅಲಸಂದೆ, ಹುರುಳಿ, ತೊಗರಿ ಎಲ್ಲ ಒಂದೇ ಕುಲವಂತೆ. ಅದರಲ್ಲಿ ಯಾವುದು ಯಾವುದಕ್ಕೆ ಎಷ್ಟು ಹತ್ತಿರ ಎಂದು ವಿಂಗಡಿಸುವುದು ಅವಳ ಕೆಲಸ. ಮೊದಲ ವರ್ಷ ನಾನು ಕೊಟ್ಟುಕಳಿಸಿದ್ದ ಒಂದು ಹಿಡಿ ಬೀಜದಲ್ಲಿ ಎರಡು ಬಳ್ಳಿಗಳು ಯಾವ ಪುಸ್ತಕದಲ್ಲೂ ಇಲ್ಲದ ಥರದ ಹೂ ಬಿಟ್ಟವು. ಅವಳು ನಾಲ್ಕು ಹೂ, ಒಂದಷ್ಟು ಎಲೆ ಒಣಗಿಸಿ ಇಟ್ಟುಕೊಂಡಳು. ಕಾಯಿ ಕಟ್ಟುವ ಮೊದಲೇ ಕೋತಿಗಳು ಬಳ್ಳಿಯನ್ನು ಹರಿದು ಹಾಕಿದವು. ಕಾಯಿ, ಬೀಜ ತೋರಿಸದೆ ಬೇರೆ ಜಾತಿ ಎಂದು ಯಾರೂ ಒಪ್ಪುವುದಿಲ್ಲ. ಅವಳ ಓದಿಗೆ ಉಳಿದದ್ದು ಒಂದೇ ವರ್ಷ.

"ಅಜ್ಜಿ, ನಿಮ್ಮ ಹಿತ್ತಲ ಬೀಜವೇ ಬೇಕು. ಬೆರಕೆ ಇರಬಾರ್ದು," ಎಂದು ಮಳೆಗಾಲದಲ್ಲೇ ಫೋನು ಮಾಡಿದ್ದಳು. ಹುಣಸೂರಿನ ಕಡೆ ಬೆರಕೆಯಿಲ್ಲದ ಅವರೆ ಎಂದರೆ ನಮ್ಮ ಮನೆಯದೇ. ನಾನೇ ತರುತ್ತೇನೆ ಎಂದೆ.

ರೈಲಿನಲ್ಲಿ ಚಪಾತಿ, ಚಟ್ನಿಪುಡಿ ತಿಂದೆ. ಎದುರಿನ ಸೀಟಿನಲ್ಲಿ ಕೊಡಗಿನ ಹೆಂಗಸೊಬ್ಬಳಿದ್ದಳು, ಗಂಡ ಸೈನ್ಯದಲ್ಲಿ.

"ಚೀಲ ತಲೆ ಕೆಳಗೇ ಇಟ್ಕೊಂಡಿದ್ದೀರಲ್ಲ ಅಜ್ಜಿ, ಚಿನ್ನವಾ?"

"ಅವರೆ."

"ದೆಹಲೀಲಿ ಅವರೆ ಸಿಗೋದಿಲ್ವಾ?"

"ಇದು ಸಿಗಲ್ಲ."

ಅವಳು ನಕ್ಕು ಕಿತ್ತಳೆ ಕೊಟ್ಟಳು. ಆಗ್ರಾ ಹತ್ತಿರ ಮಂಜು ಕವಿದು ಗಾಡಿ ನಿಂತೇ ಬಿಟ್ಟಿತು. ನಿಜಾಮುದ್ದೀನ್ ಮುಟ್ಟುವಾಗ ಏಳು ಗಂಟೆ ತಡ. ಲಕ್ಷ್ಮೀ ನಗರಕ್ಕೆ ಆಟೋದವನು ಮುನ್ನೂರು ಕೇಳಿದ. ಸ್ಟೇಷನ್ನಿಗೆ ಬಂದಿದ್ದ ಸವಿತಾ "ಭಯ್ಯಾ, ರೋಜ್ ಕಾ ರಾಸ್ತಾ ಹೈ", ದಿನಾ ಓಡಾಡೋ ದಾರಿ ಎಂದು ಜಗಳವಾಡಿ ನೂರೈವತ್ತಕ್ಕೆ ಇಳಿಸಿದಳು. ಮೂರನೇ ಮಹಡಿಯಲ್ಲಿ ಬಾಡಿಗೆ ಕೋಣೆ, ಬಿಸಿಲು ಬೀಳುವುದಿಲ್ಲ. ಹುಡುಗಿ ಅರ್ಧವಾಗಿದ್ದಳು.

ಮರುದಿನ ಅವಳ ವಿಶ್ವವಿದ್ಯಾಲಯಕ್ಕೆ ಮೆಟ್ರೋ ಹತ್ತಿದೆವು, ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿದೆವು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅವಳ ಓದಿಗೆ ದಾರಿ ತೋರಿಸುವ ಮೇಡಂ ನರೆತ ಕೂದಲಿನ ಹೆಂಗಸು, ನೆಟ್ಟಗೆ ಮಾತಾಡುವವಳು. ಬೀಜವನ್ನೆಲ್ಲ ಬಿಳಿ ತಟ್ಟೆಗಳಿಗೆ ಸುರಿದು ಇಬ್ಬರೂ ಭೂತಗನ್ನಡಿ ಹಿಡಿದು ಕುಳಿತರು. ಎರಡು ಗಂಟೆ ಹಿಡಿಯಿತು. ಕೊನೆಗೆ ಮೇಡಂ ಕನ್ನಡಕ ತೆಗೆದಳು. "ಅಮ್ಮಾಜೀ, ಯೇ ತೋ ಸಬ್ ಏಕ್ ಹೀ ಹೈ."

"ಎಲ್ಲಾ ಒಂದೇ ಅಂತೆ, ನಾವು ಹುಡುಕೋದು ಇದರಲ್ಲಿಲ್ಲ," ಎಂದಳು ಸವಿತಾ.

"ಒಂದೇ ಇರಬೇಕಲ್ಲ. ಬೆರಕೆ ಬೇಡ ಅಂದವಳು ನೀನೇ."

ಸವಿತಾ ಬೀರುವಿನಿಂದ ಒಂದು ದಪ್ಪ ಹಾಳೆ ತಂದಳು. ಮೊದಲ ವರ್ಷದ ಆ ಬಳ್ಳಿಯ ಎಲೆಗಳನ್ನೂ ಒಣ ಹೂಗಳನ್ನೂ ಅದಕ್ಕೆ ಅಂಟಿಸಿದ್ದಳು. ಬಿಡಿಸಿದ ಹೂವೊಂದನ್ನು ಗಾಜಿನ ಕೆಳಗೆ ಇಟ್ಟು ನನ್ನ ತಲೆ ಹಿಡಿದು ಬಗ್ಗಿಸಿದಳು.

"ನೋಡಜ್ಜಿ, ಕೆಳಗಿನ ಎರಡು ದಳ ಅಂಟ್ಕೊಂಡು ದೋಣಿ ಥರ ಇರುತ್ತೆ. ಅದರೊಳಗೆ ಹತ್ತು ಕೇಸರ. ಒಂಬತ್ತು ಕೂಡ್ಕೊಂಡಿರ್ತವೆ, ಒಂದು ಬೇರೆ."

"ಮನೇಲೂ ಹಾಗೇ. ಒಬ್ಬ ಬೇರೆ ಇರ್ತಾನೆ."

"ಅದಲ್ಲ, ನಡುವಿನ ಕಡ್ಡಿ ನೋಡು. ಅವರೆಯಲ್ಲಾದ್ರೆ ಒಂದೇ ಮಗ್ಗುಲಲ್ಲಿ ರೋಮ. ಇದಕ್ಕೆ ತುದಿ ಸುತ್ತ, ಕುಂಚದ ಥರ. ಇದು ಅವರೆಯ ನೆಂಟ, ಅವರೆ ಅಲ್ಲ."

ರೋಮ ನನಗೆ ಕಾಣಲಿಲ್ಲ. ಹಾಳೆಯ ಮೇಲಿನ ಎಲೆ ಕಂಡಿತು. ತೆಳ್ಳನೆಯ ಮೂರೆಲೆ, ತುದಿ ಚೂಪು. ಹೂ ಚಿಕ್ಕದು, ಮಾಸಲು ಬಿಳುಪು.

"ಇದಾ? ಇದು ಕಹಿ ಅವರೆ ಕಣೇ. ಇದನ್ನ ನಾನೇ ಕಿತ್ತು ದನಕ್ಕೆ ಹಾಕ್ತೀನಿ."

ಸವಿತಾ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು.

ನಮ್ಮತ್ತೆ ಹೇಳಿಕೊಟ್ಟ ಕೆಲಸ ಅದು. ಅವರೆ ಹೂವಿಗೆ ಬಂದಾಗ ಸಾಲು ಸಾಲು ಸುತ್ತಿ, ಈ ಬಳ್ಳಿ ಕಂಡಲ್ಲಿ ಬೇರುಸಹಿತ ಕೀಳಬೇಕು. ಕಾಯಿ ಕಟ್ಟಲು ಬಿಟ್ಟರೆ ಬೀಜ ಕೆಡುತ್ತದೆ. ಐವತ್ತು ವರ್ಷ ಕಿತ್ತಿದ್ದೆ. ಕಣ್ಣು ತಪ್ಪಿ ಉಳಿದ ಒಂದೆರಡರಿಂದ ಮರುವರ್ಷ ಮತ್ತೆ ಹುಟ್ಟುತ್ತಿತ್ತು.

"ಈ ವರ್ಷ?" ಎಂದಳು ಸವಿತಾ.

"ಈ ವರ್ಷ ಐದು ಸಲ ಸುತ್ತಿದೆ. ನೀನು ಬೆರಕೆ ಬೇಡ ಅಂದಿದ್ಯಲ್ಲ."

"ಒಂದೂ ಉಳಿದಿಲ್ವಾ ಅಜ್ಜಿ? ಬೇಲಿ ಹತ್ರ, ಎಲ್ಲಾದ್ರೂ?"

"ಬೇಲಿ ಹತ್ರ ಇದ್ದದ್ದನ್ನೇ ಮೊದಲು ಕಿತ್ತದ್ದು."

ಮೇಡಂಗೆ ವಿಷಯ ತಿಳಿದಾಗ ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮೇಲಿತ್ತು. ಚಹಾ ತರಿಸಿದಳು, ಸವಿತಾ ಮುಟ್ಟಲಿಲ್ಲ. ಆಮೇಲೆ ಆ ಎರಡು ಸೇರನ್ನೂ ಅವರು ಬಿತ್ತಿ ನೋಡಿದರು. ಅಷ್ಟೂ ನಮ್ಮ ಅವರೆಯೇ. ನಮ್ಮ ಹಿತ್ತಲಲ್ಲೂ ಆರು ವರ್ಷದಿಂದ ಆ ಬಳ್ಳಿ ಹುಟ್ಟಿಲ್ಲ. ಈಗ ನಾನು ಒಂದನ್ನೂ ಕೀಳುವುದಿಲ್ಲ. ಕೀಳಲು ಏನೂ ಬರುವುದಿಲ್ಲ.

ಆ ದಿನ ಕೋಣೆಗೆ ವಾಪಸು ಬರುವಾಗ ಮೆಟ್ರೋದಲ್ಲಿ ಹುಡುಗನೊಬ್ಬ "ಬೈಠಿಯೇ ದಾದೀಜೀ" ಎಂದು ಎದ್ದು ಸೀಟು ಕೊಟ್ಟ. ಸವಿತಾ ಬಾಗಿಲ ಬಳಿ ಆಚೆ ಮುಖ ಮಾಡಿ ನಿಂತಿದ್ದಳು. ನಾನು ಕೆಲಸಗೇಡಿಯಾಗಿದ್ದರೆ ಅವಳ ಓದು ಉಳಿಯುತ್ತಿತ್ತು. ರಾತ್ರಿ ಇಬ್ಬರೂ ಅನ್ನ ಮೊಸರು ತಿಂದು ಮಲಗಿದೆವು.

ಮರುದಿನ ಬೆಳಿಗ್ಗೆ ಚಾಪೆಯ ಮೇಲೆ ಕುಳಿತು, ಆ ಬಳ್ಳಿಯ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವಳು ಬರೆದುಕೊಂಡಳು. ಬೇರು ಗಟ್ಟಿ, ಕಿತ್ತರೆ ತಟ್ಟನೆ ಬರುವುದಿಲ್ಲ. ಎಲೆ ಉಜ್ಜಿದರೆ ವಾಸನೆಯಿಲ್ಲ, ಅವರೆಯ ಸೊಗಡು ಅದಕ್ಕಿಲ್ಲ. ಎಳೆಕಾಯಿ ಜೋತು ಬೀಳುವುದಿಲ್ಲ, ಮೇಲಕ್ಕೆ ನಿಲ್ಲುತ್ತದೆ. ಕಚ್ಚಿದರೆ ಕಹಿ.

"ಬೀಜ?" ಎಂದಳು. "ಬಣ್ಣ, ಕಣ್ಣು ಹೇಗಿತ್ತು?"

ಯೋಚಿಸಿದೆ. ನನ್ನ ಕಣ್ಣೆದುರು ಅದರ ಕಾಯಿ ಬಲಿಯಲು ಒಂದು ದಿನವೂ ಬಿಟ್ಟವಳಲ್ಲ. ಗೊತ್ತಿಲ್ಲ ಎಂದೆ. ಅವಳು ಹಾಗೆಯೇ ಬರೆದಳು. ಹೇಳಿದವಳು ನಾನೇ ಎಂದು ಕೆಳಗೆ ರುಜು ಹಾಕಿದೆ.